ಹಾಲವ್ವನ ಸೇರು, ಸೇಠನ ತಕ್ಕಡಿ

ಬಸವ ಜಯಂತಿಗೆ ಇನ್ನು ಐದು ವಾರ ಇರುವಾಗ ಹಾಲವ್ವ ಮುಂಬೈಯ ಪರೇಲಿನ ಚಾಳಿನ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಬಿದ್ದರೂ ಸೊಂಟದ ಕೊಡವನ್ನು ಮಾತ್ರ ಬಿಟ್ಟಿರಲಿಲ್ಲ. ಆಸ್ಪತ್ರೆಯಲ್ಲಿ ಮೊಣಕೈತನಕ ಪ್ಲಾಸ್ಟರ್ ಹಾಕಿಸಿಕೊಂಡು ಬರುವಾಗ ಟ್ಯಾಕ್ಸಿಯಲ್ಲಿ ಅವಳ ಬಾಯಿ ಒಂದು ಗಳಿಗೆ ನಿಲ್ಲಲಿಲ್ಲ. ನಲ್ಲಿಯನ್ನು ಬೈದಳು, ಮೆಟ್ಟಿಲನ್ನು ಬೈದಳು, ಮೆಟ್ಟಿಲ ಮೇಲೆ ನೀರು ಚೆಲ್ಲಿದವರ ಏಳು ತಲೆಮಾರನ್ನು ಬೈದಳು. ಚಾಳಿನ ಬಾಗಿಲು ಬಂದಾಗ ಒಮ್ಮೆಲೇ ಸುಮ್ಮನಾಗಿ ಸೊಸೆಯ ಮುಖ ನೋಡಿದಳು.

"ಹೋಳಗಿ ಯಾರು ಮಾಡೋರು?"

ಸೊಸೆ ಇಂದ್ರಾಬಾಯಿಗೆ ಜಯಂತಿಯ ನೆನಪಾದದ್ದು ಆಗಲೇ.

ಸುತ್ತಲಿನ ಗಿರಣಿಗಳಲ್ಲಿ ದುಡಿಯುವ ವಿಜಾಪುರ, ಕಲಬುರ್ಗಿ ಕಡೆಯ ಮಂದಿ ಸೇರಿ ಒಂದು ಸಂಘ ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಬಸವ ಜಯಂತಿಗೆ ಚಾಳಿನ ಅಂಗಳದಲ್ಲಿ ಪೆಂಡಾಲು ಹಾಕಿ ಇನ್ನೂರು ಜನರಿಗೆ ಊಟ. ಅನ್ನ ಸಾರು, ಬದನೆಕಾಯಿ ಪಲ್ಯ ಯಾರು ಬೇಕಾದರೂ ಮಾಡಲಿ, ಶೇಂಗಾ ಹೋಳಿಗೆ ಮಾತ್ರ ಹಾಲವ್ವನದೇ. ಹದಿನಾಲ್ಕು ವರ್ಷದಿಂದ ಅದು ಆ ಮನೆಯ ಮಾನ. ಇಂದ್ರಾಬಾಯಿ ಮದುವೆಯಾಗಿ ಬಂದು ಹದಿಮೂರು ವರ್ಷವಾಗಿತ್ತು. ಆದರೂ ಹೂರಣದ ಪಾತ್ರೆಗೆ ಕೈ ಹಾಕಲು ಅತ್ತೆ ಬಿಟ್ಟಿರಲಿಲ್ಲ. ಲಟ್ಟಿಸು ಎಂದರೆ ಲಟ್ಟಿಸಬೇಕು, ಬೇಯಿಸು ಎಂದರೆ ಬೇಯಿಸಬೇಕು, ಅಷ್ಟೇ ಅವಳ ಹಕ್ಕು.

ಮಾರನೆಯ ದಿನ ಸಂಘದ ಕಾರ್ಯದರ್ಶಿ ಶಂಕ್ರೆಪ್ಪ ಬಂದ. ಕಿಸೆಯಲ್ಲಿ ಎರಡು ಪೆನ್ನು, ಕೈಯಲ್ಲಿ ಒಂದು ಡೈರಿ. ಹಾಲವ್ವನ ಕೈ ನೋಡಿ "ತ್ಚು ತ್ಚು" ಎಂದು, ಚಹಾ ಕುಡಿದು, ಆಮೇಲೆ ಮೆಲ್ಲಗೆ ಮಾತು ತೆಗೆದ.

"ಹಾಲವ್ವಕ್ಕ, ಪ್ರತಿ ವರ್ಷ ನಿನ್ನ ತಮ್ಮ ಊರಿಂದ ಶೇಂಗಾ ಚೀಲ ಕಳಸತಿದ್ದ. ಈ ಸಲ ಆಂವ ಹತ್ತಿ ಹಾಕ್ಯಾನಂತ. ಮತ್ತ ನಿನ್ನ ಕೈ ಹಿಂಗ. ಅದಕ ಈ ವರ್ಷ ಹೋಳಗಿ ಎದುರಿನ ಚಾಳಿನ ಮಲ್ಲವ್ವನ ಕಡೆ ಕೊಡೋಣಂತ..."

ಇಂದ್ರಾಬಾಯಿ ಚಹಾದ ಕಪ್ಪು ಎತ್ತಿಕೊಳ್ಳುತ್ತಿದ್ದವಳು ಅಲ್ಲಿಯೇ ನಿಂತಳು. ಮಲ್ಲವ್ವ ಅಂದು ಬೆಳಿಗ್ಗೆ ನಲ್ಲಿಯ ಹತ್ತಿರ ಚಾಳಿಗೆಲ್ಲ ಕೇಳುವಂತೆ ಆಡಿದ ಮಾತು ಇನ್ನೂ ಕಿವಿಯಲ್ಲಿತ್ತು: "ಇಂದ್ರಾ ಮುಂಬೈಯಾಗ ಹುಟ್ಟಿದಾಕಿ, ಡಬಲ್ ರೊಟ್ಟಿ ತಿಂದು ಬೆಳದಾಕಿ. ಆಕಿಗೆ ಹೋಳಗಿ ಏನು ತಿಳೀತೈತಿ?"

"ನಾ ಮಾಡತೀನಿ, ಕಾಕಾ," ಎಂದುಬಿಟ್ಟಳು.

ಶಂಕ್ರೆಪ್ಪ ಹಾಲವ್ವನನ್ನು ನೋಡಿದ. ಹಾಲವ್ವ ಸೊಸೆಯನ್ನು ನೋಡಿದಳು. ಆ ನೋಟದಲ್ಲಿ ನಂಬಿಕೆ ಇತ್ತೆಂದು ಹೇಳಿದರೆ ಸುಳ್ಳಾದೀತು. ಆದರೆ ಮಲ್ಲವ್ವನ ಹೆಸರು ಕೇಳಿದ ಮೇಲೆ ಹಾಲವ್ವ ಸುಮ್ಮನಿರುವವಳೇ?

"ಮಾಡತಾಳ. ನಾ ಹೇಳತೀನಿ, ಆಕಿ ಮಾಡತಾಳ. ಮಲ್ಲವ್ವ ಪಲ್ಯಾ ಮಾಡಲಿ."

"ಆತು. ಆದರ ಸಾಮಾನು ಒಂದ ಸಲ ತರೋದು, ಹೋಲ್‌ಸೇಲಿನಾಗ. ಕಡಿಮಿ ಬಿದ್ರ ಮತ್ತ ತರಂಗಿಲ್ಲ, ಹೆಚ್ಚಾದ್ರ ಅಂವ ವಾಪಸ್ ತಗೊಳ್ಳಂಗಿಲ್ಲ. ಶೇಂಗಾಬೀಜ ಎಷ್ಟು ಕಿಲೋ, ಬೆಲ್ಲ ಎಷ್ಟು ಕಿಲೋ, ಜಯಂತಿಗಿಂತ ವಾರ ಮೊದಲು ಸೋಮವಾರ ನನಗ ಬರದು ಕೊಡಬೇಕು. ಇಲ್ಲಂದ್ರ ಮಲ್ಲವ್ವಗ ಕೊಡೋದ."

"ಕಿಲೋ ಗಿಲೋ ನನಗ ಗೊತ್ತಿಲ್ಲಪಾ," ಎಂದಳು ಹಾಲವ್ವ. "ಶೇಂಗಾ ಹದಿನಾಕು ಸೇರು. ಒಂದು ಸೇರಿಗೆ ಬೆಲ್ಲ ಮೂರು ಪಾವು. ಸೇರಿಗೆ ಮೂವತ್ತು ಹೋಳಗಿ. ಇದು ನನ್ನ ಅತ್ತಿ ಹೇಳಿಕೊಟ್ಟ ಲೆಕ್ಕ."

ಕಿಲೋ ಬಂದು ಹತ್ತು ವರ್ಷವಾಗಿದ್ದರೂ ಹಾಲವ್ವನ ಪಾಲಿಗೆ ಅದು ಇನ್ನೂ ಬಾಗಿಲ ಹೊರಗೇ ನಿಂತ ನೆಂಟ. ಅವಳ ಬಳಿ ಊರಿಂದ ತಂದ ಹಿತ್ತಾಳೆಯ ಸೇರು ಮತ್ತು ಕಾಲು ಸೇರಿನ ಪಾವು ಇದ್ದವು. ಸೇರಿನ ಒಂದು ಮಗ್ಗುಲು ತಗ್ಗಾಗಿತ್ತು, ಪಾವಿನ ಬುಡ ಸವೆದಿತ್ತು. ಊರಿಗೊಂದು ಸೇರು ಇದ್ದ ಕಾಲದ ಅಳತೆ ಅದು. ಯಾವ ಶಾಲೆಯ ಪುಸ್ತಕದಲ್ಲೂ ಅದರ ತೂಕ ಸಿಗುವಂತಿರಲಿಲ್ಲ.

ಲೆಕ್ಕಕ್ಕೆ ಕುಳಿತವಳು ಮೊಮ್ಮಗಳು ನೀಲಾವತಿ. ಆರನೇ ಇಯತ್ತೆ, ಗಣಿತದಲ್ಲಿ ವರ್ಗಕ್ಕೇ ಮೊದಲು. "ಸಿಂಪಲ್ ಹೈ, ಅವ್ವಾ," ಎಂದಳು. "ಒಂದು ಸೇರು ಶೇಂಗಾ ವಜನ್ ಮಾಡೋದು, ಹದಿನಾಲ್ಕರಿಂದ ಗುಣಿಸೋದು. ಖತಮ್."

ಚಾಳಿನ ಕೆಳಗೆ ಕಿರಾಣಿ ಅಂಗಡಿಯ ವೇಲಜಿ ಸೇಠ ತೂಗಿ ಕೊಟ್ಟ. ಸೇರಿನ ಅಂಚಿಗೆ ಸಮನಾಗಿ ತುಂಬಿದ ಶೇಂಗಾಬೀಜ ಆರು ನೂರು ಗ್ರಾಂ. ಕುಟ್ಟಿದ ಬೆಲ್ಲ ಮೂರು ಪಾವು, ಅದೂ ಆರು ನೂರು ಗ್ರಾಂ. ನೀಲಾವತಿ ನೋಟಬುಕ್ಕಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಮೊದಲ ರವಿವಾರ ಪರೀಕ್ಷೆಗೆಂದು ಒಂದು ಸೇರಿನ ಹೋಳಿಗೆ ಹಾಕಿದರು. ಬೇಸಿಗೆಯ ಧಗೆಗೆ ಹಾಲವ್ವ ಹೊರಗೆ ಗ್ಯಾಲರಿಯಲ್ಲಿ ಕುಳಿತು ಅಲ್ಲಿಂದಲೇ ಹುಕುಂ ಹೊರಡಿಸುತ್ತಿದ್ದಳು. "ಶೇಂಗಾ ಹುರದಿ? ಸಿಪ್ಪಿ ತಗದಿ? ಎಳ್ಳು ಒಂದು ಮುಷ್ಟಿ ಹಾಕು." ಒಳಗೆ ಇಂದ್ರಾಬಾಯಿ ಬೆವರು ಒರೆಸಿಕೊಳ್ಳುತ್ತ ಲಟ್ಟಿಸಿದಳು. ಮೊದಲ ಹೋಳಿಗೆ ಹಂಚಿನ ಮೇಲೆ ಬಿದ್ದು ಎರಡು ನಿಮಿಷಕ್ಕೆ ಒಡೆಯಿತು. ಬೆಲ್ಲ ಕರಗಿ ಹೊರಗೆ ಬಂದು ಹಂಚಿಗೆ ಹತ್ತಿ ಕರ್ರಗಾಯಿತು. ಎರಡನೆಯದೂ ಅದೇ ಹಾಡು. ಮೂವತ್ತರಲ್ಲಿ ನಾಲ್ಕು ಮಾತ್ರ ಹೋಳಿಗೆಯ ಆಕಾರದಲ್ಲಿ ಉಳಿದವು, ಹಂಚು ತಿಕ್ಕಲು ಅರ್ಧ ಇಟ್ಟಿಗೆಯ ಪುಡಿ ಹಿಡಿಯಿತು.

ಗಂಡ ಚಂದ್ರಾಮ ಪಾಳಿ ಮುಗಿಸಿ ಬಂದವನು ತಟ್ಟೆಯನ್ನು ದಿಟ್ಟಿಸಿ ನೋಡಿದ.

"ಇದೇನು?"

"ಹೋಳಗಿ."

"ಹೌದಾ? ಇರಲಿ ಬಿಡು, ಹಾಲು ಹಾಕು. ಕಲಸಿ ತಿಂದರ ಎಲ್ಲಾ ಒಂದ."

ಹಾಲವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡಳು. "ಬೆಲ್ಲ ಹೆಚ್ಚಾಗೇತಿ."

"ನೀವು ಹೇಳಿದಷ್ಟ ಹಾಕೀನಿ, ಅತ್ತಿ. ಈ ಮುಂಬೈ ಬೆಲ್ಲಾನ ಹಸಿ ಐತಿ."

"ಕುಣಿಯಾಕ ಬರಲಾರದಾಕಿ ಅಂಗಳ ಡೊಂಕು ಅಂದಳಂತ."

ಇಂದ್ರಾಬಾಯಿ ತುಟಿ ಕಚ್ಚಿಕೊಂಡು ಹಂಚು ತಿಕ್ಕಿದಳು. ಎರಡನೆಯ ರವಿವಾರ ಹಟಕ್ಕೆ ಬಿದ್ದು ಬೆಲ್ಲವನ್ನು ಅರ್ಧಕ್ಕೆ ಇಳಿಸಿದಳು. ಆಗ ಹೂರಣ ಹಿಡಿಯಲೇ ಇಲ್ಲ. ಲಟ್ಟಿಸಿದ ಹೋಳಿಗೆ ಎತ್ತಿದರೆ ಶೇಂಗಾಪುಡಿ ಮರಳಿನ ಹಾಗೆ ಸರಸರ ಸುರಿಯಿತು, ರುಚಿಯೂ ಸಪ್ಪೆ. ಆ ವಾರವಿಡೀ ಮನೆಯಲ್ಲಿ ಬೆಳಿಗ್ಗೆ ಹೋಳಿಗೆಪುಡಿ, ಮಧ್ಯಾಹ್ನ ಹೋಳಿಗೆಪುಡಿ, ಡಬ್ಬಿಯಲ್ಲೂ ಹೋಳಿಗೆಪುಡಿ.

"ಮಿಲ್ಲಿನಾಗ ನನ್ನ ಡಬ್ಬಿ ತಗದರ ಮಂದಿ ನಗಾಕತ್ತೈತಿ," ಎಂದ ಚಂದ್ರಾಮ. "ಮರೆಪ್ಪ ಕೇಳತಾನ, 'ಚಂದ್ರಾಮಾ, ಇದು ತಿನ್ನೋದೋ, ಹಲ್ಲು ತಿಕ್ಕೋದೋ?' ಅಂತ."

ನೀಲಾವತಿ ಕಿಸಕ್ಕೆಂದಳು. ಹಾಲವ್ವನೂ ಸೆರಗು ಬಾಯಿಗೆ ಒತ್ತಿಕೊಂಡಳು. ಇಂದ್ರಾಬಾಯಿಗೆ ನಗುವೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದೆ ಸೌಟು ನೆಲಕ್ಕೆ ಕುಕ್ಕಿ ನೀರು ತರಲು ಹೋದಳು.

ಮೂರನೆಯ ರವಿವಾರ ಗ್ಯಾಲರಿಗೆ ಬಿಸಿಲು ಬಂದದ್ದರಿಂದ ಹಾಲವ್ವ ಒಳಗೆ ಬಂದು ಕುಳಿತಳು. ಇಂದ್ರಾಬಾಯಿ ಸೇರಿಗೆ ಶೇಂಗಾ ತುಂಬಿ, ಲಟ್ಟಣಿಗೆಯಿಂದ ಅಂಚಿನ ಮೇಲೆ ಗೀರಿ ಸಮ ಮಾಡಿದಳು. ಹಾಲವ್ವ ಕುಳಿತಲ್ಲಿಂದಲೇ ಕೂಗಿಕೊಂಡಳು.

"ಅಯ್ಯ ನನ ಶಿವನ! ಏನ್ ಮಾಡಾಕತ್ತೀಬೇ? ಶೇಂಗಾ ಯಾರರ ಗೀರಿ ಅಳೀತಾರೇನು?"

"ಮತ್ತ?"

"ತಲಿ ಕಟ್ಟಬೇಕು! ಎಡಗೈ ಸೇರಿನ ಬಾಯಿ ಸುತ್ತ ಹಿಂಗ ತಬ್ಬಿ ಹಿಡದು, ಮ್ಯಾಲೆ ಗೋಪುರ ನಿಲ್ಲೂ ಹಂಗ ಹಾಕಬೇಕು. ಬೆಲ್ಲಾ ಗೀರೋದು, ಕಾಳು ತಲಿ ಕಟ್ಟೋದು. ಇಷ್ಟೂ ಗೊತ್ತಿಲ್ಲ?"

"ನೀವು ಹೇಳಲಿಲ್ಲಲ್ಲ!"

"ಉಸಿರಾಡೂದೂ ಹೇಳಿಕೊಡಬೇಕೇನು?"

"ಅಜ್ಜಿ, ಯೇ ತೋ ಚೀಟಿಂಗ್ ಹೈ," ಎಂದಳು ನೀಲಾವತಿ. "ಟೀಚರ್ ಹೇಳ್ಯಾರ, ಮಾಪ್ ಅಂದ್ರ ಲೆವೆಲ್ ಇರಬೇಕು."

"ನಿಮ್ಮ ಟೀಚರ್ ಹೋಳಗಿ ಮಾಡತಾಳೇನು?"

ನೀಲಾವತಿ ನೋಟಬುಕ್ಕಿನ ಹೊಸ ಹಾಳೆ ತೆಗೆದಳು. ತಲೆ ಕಟ್ಟಿ ಅಳೆದು ತೂಗಿಸಿದರೆ ಏಳು ನೂರಾ ನಲವತ್ತು ಗ್ರಾಂ ಬಂತು. ಇಂದ್ರಾಬಾಯಿಯ ಮುಖ ಅರಳಿತು. ಹೋಳಿಗೆಯೂ ಈ ಸಲ ಹೋಳಿಗೆಯಾಗಿಯೇ ಬಂತು. ಚಂದ್ರಾಮ ನಾಲ್ಕು ತಿಂದು ಡರ್ರೆಂದು ತೇಗಿದ. ಆದರೆ ಹಾಲವ್ವ ಹೋಳಿಗೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು. ಅಲ್ಲಲ್ಲಿ ಬೆಲ್ಲ ಜಿನುಗಿ ಕಪ್ಪು ಚುಕ್ಕೆ ಬಿದ್ದಿದ್ದವು.

"ಹೌದು, ತಿನ್ನಾಕ ಬರತೈತಿ," ಎಂದಳು. "ಆದರ ನನ್ನ ಹೋಳಗಿ ಅಲ್ಲ. ಎರಡನೇ ದಿನಕ್ಕ ಮೆತ್ತಗಾಗತೈತಿ ಇದು. ಮಲ್ಲವ್ವ ನೋಡಿದ ಕೂಡಲೆ ಹಿಡೀತಾಳ."

ಇಂದ್ರಾಬಾಯಿಯ ತಾಳ್ಮೆ ಅಲ್ಲಿಗೆ ಮುಗಿಯಿತು.

"ಹಂಗಾದ್ರ ಇನ್ನೇನೋ ಐತಿ. ನೀವು ಮುಚ್ಚಿಡಾಕತ್ತೀರಿ, ಅತ್ತಿ! ಮೊದಲು ತಲಿ ಕಟ್ಟೋದು ಹೇಳಲಿಲ್ಲ, ಈಗ ಮತ್ತೇನು ಹೇಳಿಲ್ಲೋ. ಸೊಸಿ ಕಲತರ ನಿಮ್ಮ ಹೆಸರು ಹೋಗತೈತಿ ಅಂತ ಅಂಜಿಕಿ ನಿಮಗ!"

"ಇಂದ್ರಾ!" ಎಂದ ಚಂದ್ರಾಮ.

ಹಾಲವ್ವ ಕೂಗಾಡಿದ್ದರೆ ಇಂದ್ರಾಬಾಯಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆದರೆ ಅತ್ತೆ ಎದ್ದು ಗ್ಯಾಲರಿಗೆ ಹೋಗಿ, ಬಿಸಿಲಿದ್ದರೂ ಅಲ್ಲಿಯೇ ಕುಳಿತಳು.

ಮರುದಿನದಿಂದ ಅತ್ತೆ ಸೊಸೆಯ ನಡುವೆ ಮಾತು ಬಂದ್. ಕೈ ಮುರಿದಾಗಿನಿಂದ ಹಾಲವ್ವನ ತಲೆ ಬಾಚುವವಳು, ಸೀರೆಯ ನಿರಿಗೆ ಹಿಡಿಯುವವಳು, ತುತ್ತು ಮಾಡಿ ಉಣ್ಣಿಸುವವಳು ಇಂದ್ರಾಬಾಯಿಯೇ. ಈಗ ಹಾಲವ್ವ ತಟ್ಟೆ ಎಳೆದುಕೊಂಡು ಎಡಗೈಯಲ್ಲಿ ಚಮಚ ಹಿಡಿದು ಉಣ್ಣತೊಡಗಿದಳು. ಅರ್ಧ ಅನ್ನ ಮಡಿಲಿಗೆ ಹೋಗುತ್ತಿತ್ತು. ತಲೆ ಬಾಚಿಕೊಳ್ಳದೆ ಕೂದಲು ಹರಡಿಕೊಂಡು ಕುಳಿತವಳನ್ನು ನೋಡಿ ಪಕ್ಕದ ಖೋಲಿಯ ರಾಚವ್ವ, "ಏನ್ ಹಾಲವ್ವ, ಮೈಮ್ಯಾಲೆ ದೇವರು ಬಂದೈತೇನು?" ಎಂದು ಕೇಳಿದಳು. ಚಂದ್ರಾಮ ಅಡಕತ್ತರಿಯ ನಡುವಿನ ಅಡಿಕೆಯಾದ. ಹೆಂಡತಿಗೆ "ಹಿರಿಯಾಕಿ, ಒಂದು ಮಾತು ತಪ್ಪಾತು ಅನ್ನು" ಎಂದ. ತಾಯಿಗೆ "ಸಣ್ಣಾಕಿ, ಬಿಟ್ಟುಬಿಡು" ಎಂದ. ಇಬ್ಬರೂ ಅವನಿಗೆ "ನೀ ಸುಮ್ಮನಿರು" ಎಂದರು. ಆ ವಾರ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಇಂದ್ರಾಬಾಯಿಗೆ ರೊಟ್ಟಿ ಬಡಿಯುವಾಗಲೂ ಅದೇ ಚಿಂತೆ. ಆಡಿದ ಮಾತು ಹಿಂದಕ್ಕೆ ಬರುವಂತಿರಲಿಲ್ಲ. ಅದರ ಮೇಲೆ ಸೋಮವಾರ ಹತ್ತಿರ ಬರುತ್ತಿತ್ತು. ಲೆಕ್ಕ ತಪ್ಪಿದರೆ ಇನ್ನೂರು ಎಲೆಯ ಮುಂದೆ ಮಾನ ಹೋಗುತ್ತದೆ, ಕೊಡದಿದ್ದರೆ ಈಗಲೇ ಹೋಗುತ್ತದೆ.

ನಾಲ್ಕನೆಯ ರವಿವಾರ ಬೆಳಿಗ್ಗೆ ಹಾಲವ್ವ ಹಿತ್ತಾಳೆಯ ಸೇರನ್ನು ಎಡಗಂಕುಳಲ್ಲಿ ಅವುಚಿಕೊಂಡು ಬಾಗಿಲಲ್ಲಿ ನಿಂತಳು. ಸೊಸೆಯ ಕಡೆ ನೋಡದೆ ಮೊಮ್ಮಗಳಿಗೆ ಹೇಳಿದಳು.

"ನೀಲೂ, ನಿಮ್ಮವ್ವಗ ಹೇಳು, ಅಂಗಡಿಗೆ ಬರಲಿ. ಆ ಕಿಲೋದವನ ಮುಂದನ ಅಳದು ತೋರಸ್ತೀನಿ. ನಾ ಮುಚ್ಚಿಟ್ಟಾಕೋ, ಆಕಿಗೆ ಕಣ್ಣಿಲ್ಲೋ, ನಾಕು ಮಂದಿ ನೋಡಲಿ."

ಮೂವರೂ ಮೆಟ್ಟಿಲಿಳಿದು ಹೋದರು. ವೇಲಜಿ ಸೇಠ ಊದಿನಕಡ್ಡಿ ಹಚ್ಚುತ್ತಿದ್ದ. "ಆವೋ ಮಾಜಿ, ಹಾಥ್ ಕೈಸಾ ಹೈ?"

"ಹಾಥ್ ಛಲೋ ಐತಿ. ಶೇಂಗಾ ಚೀಲ ಮುಂದ ತಾ," ಎಂದಳು ಹಾಲವ್ವ. ಇಪ್ಪತ್ತು ವರ್ಷದಿಂದ ಅವಳ ಕನ್ನಡವೂ ಅವನ ಹಿಂದಿಯೂ ಹೀಗೆಯೇ ಸಂಸಾರ ಮಾಡಿಕೊಂಡು ಬಂದಿದ್ದವು.

ಅಳೆಯಬೇಕಾದರೆ ಒಂದು ಕೈ ಕಡಿಮೆ. ಹಾಲವ್ವ ಸೇರನ್ನು ಸೊಸೆಯ ಮುಂದಿಟ್ಟು, ಬೇರೆ ಕಡೆ ನೋಡುತ್ತ ಅಂದಳು, "ಕೈ ಹಿಡಿ."

ಇಂದ್ರಾಬಾಯಿ ಸೇರಿನ ಬಾಯಿಗೆ ತನ್ನ ತೋಳು ಸುತ್ತಿ ಹಿಡಿದಳು. ಹಾಲವ್ವ ಎಡಗೈಯಲ್ಲಿ ಶೇಂಗಾ ಮೊಗೆಮೊಗೆದು ಹಾಕಿದಳು. ಸೊಸೆಯ ತೋಳಿನೊಳಗೆ ಗೋಪುರ ಎದ್ದಿತು. "ಲಾಭ," ಎಂದಳು ಹಾಲವ್ವ, ಮೊದಲನೆಯ ಸೇರಿಗೆ ಒಂದು ಅನ್ನಬಾರದು ಎಂಬ ಊರಿನ ಪದ್ಧತಿಯಂತೆ. ಇಬ್ಬರೂ ಸೇರನ್ನು ಎತ್ತಿ ತಕ್ಕಡಿಯ ತಟ್ಟೆಗೆ ಸುರಿದರು. ಸೇಠ ತೂಕದ ಕಲ್ಲು ಇಡಲು ಹೊರಟ.

ಅಷ್ಟರಲ್ಲಿ ಹಾಲವ್ವನ ಎಡಗೈ ತಾನಾಗಿಯೇ ಚೀಲದೊಳಗೆ ಹೋಗಿ, ಒಂದು ಹಿಡಿ ಶೇಂಗಾ ತಂದು ತಟ್ಟೆಗೆ ಹಾಕಿತು.

"ಯೇ ಕ್ಯಾ, ಮಾಜಿ?"

"ಕೊಸರು."

ಇಂದ್ರಾಬಾಯಿ ಬೆಚ್ಚಿಬಿದ್ದಳು. "ಅತ್ತಿ, ಮನಿಯಾಗ ಹೂರಣಕ್ಕ ಅಳಿಯೂವಾಗೂ ಈ ಕೊಸರು ಹಾಕತೀರೇನು?"

"ಹಾಕದ ಏನು? ಕೊಸರಿಲ್ಲದ ಅಳದರ ಅದು ಅಳತಿ ಏನಬೇ, ಜಿಪುಣತನ."

"ಪ್ರತಿ ಸೇರಿಗೂ?"

"ಪ್ರತಿ ಸೇರಿಗೂ."

"ಬೆಲ್ಲಕ್ಕ?"

"ಬೆಲ್ಲಕ್ಕ್ಯಾಕ? ಕೊಸರು ಕಾಳಿಗೆ."

"ಅತ್ತೀ, ಅದನ್ನ ನಮಗ ಹೇಳಬೇಕಿಲ್ಲೇನು?"

"ಏನು ಹೇಳೋದು? ಕೊಸರು ಯಾರರ ಲೆಕ್ಕಕ್ಕ ಹಿಡೀತಾರೇನು?" ಎಂದಳು ಹಾಲವ್ವ, ಮುಖದಲ್ಲಿ ಕಪಟದ ಸುಳಿವೂ ಇಲ್ಲದೆ. ತನ್ನ ಅತ್ತೆ ಹಾಕುತ್ತಿದ್ದಳು, ಅವಳ ಅತ್ತೆಯೂ ಹಾಕುತ್ತಿದ್ದಿರಬೇಕು. ಕೈ ಹಾಕುತ್ತಿತ್ತು, ಬಾಯಿ ಎಣಿಸುತ್ತಿರಲಿಲ್ಲ. ಹೀಗಾಗಿ ಹೇಳುವಾಗ ಒಂದು ಸೇರು, ಮಾಡುವಾಗ ಸೇರಿನ ಮೇಲೊಂದು ಹಿಡಿ.

ಸೇಠ ತೂಗಿ ನೋಡಿ ಹೇಳಿದ, "ಆಠ್ ಸೌ. ಬರಾಬರ್."

"ಎಂಟು ನೂರು ಇನ್ಟೂ ಹದಿನಾಲ್ಕು," ನೀಲಾವತಿ ಅಲ್ಲಿಯೇ ಗಲ್ಲಾಪೆಟ್ಟಿಗೆಯ ಮೇಲೆ ನೋಟಬುಕ್ ಬಿಚ್ಚಿದಳು. "ಹನ್ನೊಂದು ಕಿಲೋ ಇನ್ನೂರು ಗ್ರಾಂ! ಬೆಲ್ಲ ಎಂಟು ಕಿಲೋ ನಾಲ್ಕು ನೂರು. ಅವ್ವಾ, ನಾವು ಮೊದಲು ಶೇಂಗಾ ಹತ್ರ ಹತ್ರ ಮೂರು ಕಿಲೋ ಕಮ್ಮಿ ಹಿಡಿದಿದ್ವಿ!"

ಇಂದ್ರಾಬಾಯಿ ಅಂಗಡಿಯ ಮೆಟ್ಟಿಲ ಮೇಲೆ, ಹೋಗಿಬರುವ ಮಂದಿಯ ನಡುವೆಯೇ, ಅತ್ತೆಯ ಎಡಗೈ ಹಿಡಿದುಕೊಂಡಳು. "ತಪ್ಪಾತು, ಅತ್ತಿ. ನಾ ಹಂಗ ಅನ್ನಬಾರದಿತ್ತು."

ಹಾಲವ್ವ ಕೈ ಬಿಡಿಸಿಕೊಳ್ಳಲಿಲ್ಲ. "ನಡಿ ನಡಿ, ಹೊತ್ತಾತು. ಮೊದಲು ನನ್ನ ತಲಿ ಬಾಚು. ಆರು ದಿನ ಆತು, ರಾಚವ್ವ ನನ್ನ ಮುಂದ ಊದಿನಕಡ್ಡಿ ಹಚ್ಚೂದೊಂದು ಉಳದೈತಿ."

ಆ ದಿನದ ಹೋಳಿಗೆ ಹಂಚಿನ ಮೇಲೆ ಒಂದು ಹನಿ ಬೆಲ್ಲ ಬಿಡಲಿಲ್ಲ. ತೆಳ್ಳಗೆ, ಗರಿಗರಿಯಾಗಿ, ಮುರಿದರೆ ಟಕ್ಕೆನ್ನುತ್ತಿತ್ತು. ಹಾಲವ್ವ ಅಂಚು ನೋಡಿದಳು, ಮಗುಚಿ ನೋಡಿದಳು, ಆಮೇಲೆ ಸೊಸೆಯ ಮುಂದೆ ಬಾಯಿ ತೆರೆದಳು. ಇಂದ್ರಾಬಾಯಿ ತುಂಡು ಮುರಿದು ತಿನ್ನಿಸಿದಳು. ಚಂದ್ರಾಮ ಮಾತ್ರ ತಟ್ಟೆ ಸರಿಸಿದ. "ಛಲೋ ಐತಿ, ಆದರ ನನಗ ಬ್ಯಾಡ. ಇನ್ನೊಂದು ವರ್ಷ ನನ್ನ ಮುಂದ ಹೋಳಗಿ ಹೆಸರು ತಗೀಬ್ಯಾಡ್ರಿ." ಆದರೂ ಮಾರನೆಯ ದಿನ ಡಬ್ಬಿಯಲ್ಲಿ ಆರು ಒಯ್ದ, ಮರೆಪ್ಪನ ಬಾಯಿ ಮುಚ್ಚಿಸಲು.

ಅದೇ ಸೋಮವಾರ ಶಂಕ್ರೆಪ್ಪನ ಡೈರಿಗೆ ನೀಲಾವತಿಯ ದುಂಡು ಅಕ್ಷರದ ಚೀಟಿ ಸೇರಿತು.

ಜಯಂತಿಯ ದಿನ ಬೆಳಗಿನ ಜಾವದಿಂದ ಅಂಗಳದಲ್ಲಿ ಆರು ಹಂಚು ಕಾದವು. ಹೆಂಗಸರು ಲಟ್ಟಿಸಿದರು, ಬೇಯಿಸಿದರು. ಹೂರಣದ ಪಾತ್ರೆಯ ಮುಂದೆ ಸೆರಗು ಬಿಗಿದು ಕುಳಿತವಳು ಇಂದ್ರಾಬಾಯಿ. ಹಾಲವ್ವ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು, ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು, ಬಾಯಿಯೊಂದನ್ನು ಬಿಟ್ಟು ಏನನ್ನೂ ಆಡಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಾಲ್ಕು ನೂರಾ ಹದಿನೆಂಟು ಹೋಳಿಗೆ ಬುಟ್ಟಿಯಲ್ಲಿದ್ದವು. ಎರಡನ್ನು ಮಕ್ಕಳು ಕದ್ದಿದ್ದರು.

ಪಂಕ್ತಿ ಕುಳಿತಿತು. ಮಲ್ಲವ್ವ ಮೊದಲನೆಯದನ್ನು ಅನುಮಾನದಿಂದ ಮುರಿದಳು, ಎರಡನೆಯದನ್ನು ತುಪ್ಪ ಹಾಕಿಸಿಕೊಂಡು ತಿಂದಳು, ಮೂರನೆಯದಕ್ಕೆ ತಾನೇ ಕೈ ಚಾಚಿದಳು. ಆಮೇಲೆ ಇಡೀ ಪಂಕ್ತಿಗೆ ಕೇಳುವಂತೆ ಅಂದಳು:

"ಏನರ ಅನ್ರವಾ, ಕೈ ಮುರದರೂ ಹಾಲವ್ವನ ಕೈ ಹಾಲವ್ವನ ಕೈನ!"

"ಹೌದು ಹೌದು," ಎಂದರು ಆಚೀಚೆಯವರು.

ಹೋಳಿಗೆಯ ಬುಟ್ಟಿ ಹಿಡಿದು ಬಗ್ಗಿದ್ದ ಇಂದ್ರಾಬಾಯಿಯ ಮುಖ ಬಾಡಿತು. ಐದು ವಾರ ತಿಕ್ಕಿದ ಹಂಚು ಕಣ್ಣ ಮುಂದೆ ಬಂತು.

ಎದುರು ಸಾಲಿನಲ್ಲಿದ್ದ ಹಾಲವ್ವ ಪ್ಲಾಸ್ಟರಿನ ಕೈಯನ್ನು ಎತ್ತಿ ಹಿಡಿದಳು.

"ಯಾವ ಕೈ, ಮಲ್ಲವ್ವಾ? ಈ ಕೈಯೇನು? ಈ ಕೈ ತಿಂಗಳಿಂದ ತನ್ನ ತಲೀನೂ ತುರಿಸಿಕೊಂಡಿಲ್ಲ. ಹುರದಾಕಿ, ಕುಟ್ಟಿದಾಕಿ, ಹೂರಣ ಕಟ್ಟಿದಾಕಿ ನನ್ನ ಸೊಸಿ. ಡಬಲ್ ರೊಟ್ಟಿ ತಿಂದು ಬೆಳದಾಕಿ!"

ಪಂಕ್ತಿಯಲ್ಲಿ ನಗು ಹರಿಯಿತು. ಮಲ್ಲವ್ವ ಕೆಂಪಾದಳು, ಆದರೆ ತಿಂದ ಹೋಳಿಗೆ ಸುಳ್ಳು ಹೇಳಲು ಬಿಡಲಿಲ್ಲ. "ಸೋತೆ ಬಿಡವ್ವ, ಇಂದ್ರವ್ವ," ಎಂದಳು. "ಹಂಗಾದ್ರ ಅಳತಿ ಹೇಳು. ಸೇರಿಗೆ ಬೆಲ್ಲ ಎಷ್ಟು ಪಾವು?"

ಇಂದ್ರಾಬಾಯಿ ಸಂಭ್ರಮದಿಂದ ಬಾಯಿ ತೆರೆದಳು. "ಅದೇನಿಲ್ಲ ಮಲ್ಲವ್ವಕ್ಕ, ಸೇರು ತಲಿ ಕಟ್ಟಿ ಅಳದು, ಅದರ ಮ್ಯಾಲೆ..."

ಹಾಲವ್ವ ಜೋರಾಗಿ ಕೆಮ್ಮಿದಳು.

"ಸೇರು ಪಾವು ಎಲ್ಲಾ ಹಳೀ ಕಾಲದ್ದು, ಮಲ್ಲವ್ವಾ," ಎಂದಳು ಗಂಭೀರವಾಗಿ. "ನಮ್ಮ ಮನಿಯಾಗ ಈಗ ಕಿಲೋ ಲೆಕ್ಕ. ಶೇಂಗಾ ಹನ್ನೊಂದು ಕಿಲೋ ಇನ್ನೂರು ಗ್ರಾಂ, ಬೆಲ್ಲ ಎಂಟು ಕಿಲೋ ನಾಕು ನೂರು. ಸೇರಿಗೆ ಎಷ್ಟಾತು, ನೀನ ಲೆಕ್ಕಾ ಹಾಕ್ಕೋ."

ಮಲ್ಲವ್ವ ಬೆರಳು ಮಡಿಸುತ್ತ ಎಣಿಸತೊಡಗಿದಳು. ಇಂದ್ರಾಬಾಯಿ ಉಕ್ಕಿ ಬಂದ ನಗುವನ್ನು ನುಂಗಿಕೊಂಡು, ಮಲ್ಲವ್ವ ಬೇಡ ಬೇಡವೆಂದರೂ ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

"ಇರಲಿ ಅಕ್ಕಾ, ಕೊಸರು," ಎಂದು ಮುಂದಿನ ಎಲೆಗೆ ಹೋದಳು.